ಮೇಲಿನ ಮೆಟ್ಟಿಲಿನ ರಾಜ-ರಾಣಿ

ನವರಾತ್ರಿಯ ಮೊದಲ ಬೆಳಿಗ್ಗೆ ತುಂಗಕ್ಕ ಗೊಂಬೆ ಮೆಟ್ಟಿಲುಗಳ ಬುಡದಲ್ಲಿ ಸತ್ತುಬಿದ್ದಿದ್ದಳು. ವಾಸಂತಿ ಹೋಗುವ ಹೊತ್ತಿಗೆ ಚಾಪೆಯ ಮೇಲೆ ಮಲಗಿಸಿದ್ದರು. ಮಗುಚಿದ ಸ್ಟೂಲು ಮಾತ್ರ ಇದ್ದಲ್ಲೇ ಇತ್ತು. ಪಕ್ಕದಲ್ಲಿ ಅಂಗೈಯಗಲ ರಕ್ತ, ಒಣಗಿ ಕಪ್ಪಾಗಿತ್ತು.

“ಏಳೂವರೆಗೆ ವಾಕಿಂಗ್ ಮುಗಿಸಿ ಬಂದೆ ಆಂಟಿ. ಅಮ್ಮ ಹೀಗೆ...” ಎಂದ ಮಗ ಪ್ರಮೋದ್. “ಗೊಂಬೆ ಇಡೋಕೆ ಹತ್ತಿದಾರೆ. ಸ್ಟೂಲು ವಾಲಿದೆ. ಡಾಕ್ಟರು ನೋಡಿ ಬರೆದುಕೊಟ್ಟಾಯ್ತು. ಹನ್ನೊಂದಕ್ಕೆ ಗಾಡಿ ಬರುತ್ತೆ.”

“ಹನ್ನೊಂದಕ್ಕೇನಾ?”

“ಹಬ್ಬದ ದಿನ. ಬೀದಿಯವರಿಗೆಲ್ಲ ಯಾಕೆ ತೊಂದರೆ?”

ಗಡಿಯಾರದಲ್ಲಿ ಒಂಬತ್ತೂಕಾಲು.

ತಮಿಳು ನಾಡಿನ ವೆಸ್ಟ್ ಮಾಂಬಲಂ ಬಡಾವಣೆಯ ಆ ಬೀದಿಯಲ್ಲಿ ಹದಿನಾಲ್ಕು ಕನ್ನಡದ ಮನೆಗಳು. ರೈಲ್ವೆ, ಬ್ಯಾಂಕು, ವಿಮೆ ಎಂದು ನಂಜನಗೂಡು, ಅರಸೀಕೆರೆ, ಚಿಂತಾಮಣಿಯಂಥ ಸಣ್ಣ ಊರುಗಳಿಂದ ಬಂದವರು. ಬರುವಾಗ ಊರಿನ ದಸರೆಯನ್ನೂ ಟ್ರಂಕಿನಲ್ಲಿ ಹಾಕಿಕೊಂಡು ಬಂದಿದ್ದರು. ಒಂಬತ್ತು ದಿನವೂ ಒಬ್ಬರ ಮನೆಗೆ ಒಬ್ಬರು ಹೋಗಿ ಗೊಂಬೆ ನೋಡಬೇಕು, ಕುಂಕುಮ ಇಟ್ಟುಕೊಳ್ಳಬೇಕು, ಉಸಲಿ ತಿನ್ನಬೇಕು. ಈ ವರ್ಷ ಅದನ್ನು ನಿಲ್ಲಿಸಿದ್ದು ಬೀದಿಯ ಕನ್ನಡಿಗರ ಸಂಘದ ಅಧ್ಯಕ್ಷ, ವಾಸಂತಿಯ ಗಂಡ ರಾಮದಾಸ. “ಎಲ್ಲರಿಗೂ ಕೆಲಸ. ಒಂದು ಭಾನುವಾರ ಕಲ್ಯಾಣ ಮಂಟಪದಲ್ಲಿ ಸೇರಿದರಾಯ್ತು.” ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದರು. ವಾಸಂತಿಯೂ.

ಎತ್ತದವಳು ತುಂಗಕ್ಕ ಒಬ್ಬಳೇ. ಪ್ರಮೋದ್ ಅವಳ ಮೊಣಕೈ ಹಿಡಿದುಕೊಂಡೇ ಕೂತಿದ್ದ. “ಮಂಟಪಕ್ಕೆ ಬಂದ್ರೆ ನನ್ನ ಮನೆ ಯಾರು ನೋಡ್ತಾರೆ?” ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ಗೊಂಬೆಯ ಜಂಬ ಇನ್ನೂ ಹೋಗಿಲ್ಲ ಮುದುಕಿಗೆ ಎಂದು ಯಾರೋ ಅಂದಿದ್ದರು.

ವಾಸಂತಿ ಮೆಟ್ಟಿಲುಗಳ ಕಡೆ ತಿರುಗಿದಳು. ಮಡಚುವ ಕಬ್ಬಿಣದ ಏಳು ಮೆಟ್ಟಿಲು, ಮೇಲೆ ಬಿಳಿ ಪಂಚೆ. ಆರು ಮೆಟ್ಟಿಲು ಖಾಲಿ. ಉಳಿದ ಗೊಂಬೆಗಳೆಲ್ಲ ಹಳೇ ಪೇಪರಿನಲ್ಲಿ ಸುತ್ತಿಕೊಂಡು ಟ್ರಂಕಿನಲ್ಲೇ ಇದ್ದವು. ಏಳನೆಯ ಮೆಟ್ಟಿಲಿನ ಮೇಲೆ ಮಾತ್ರ ಪಟ್ಟದ ಗೊಂಬೆಗಳು. ರಕ್ತಚಂದನದ ರಾಜ, ರಾಣಿ.

ಅವು ಅಲ್ಲಿರಬಾರದಿತ್ತು.

ಹೆಂಗಸರು ಮೈತೊಳೆಯಲು ಬಕೆಟ್ ತಂದರು. ಸೆರಗು ಸರಿಪಡಿಸಲು ವಾಸಂತಿ ತುಂಗಕ್ಕನ ಕೈ ಎತ್ತಿದಳು. ಮಣಿಕಟ್ಟಿನ ಸುತ್ತ ಬೆರಳಿನ ಗುರುತು. ನೀಲಿ. ಅದರ ಕೆಳಗೆ ಹಳದಿಗೆ ತಿರುಗಿದ ಇನ್ನೊಂದು. ಅದು ಇವತ್ತಿನದಲ್ಲ, ನಿನ್ನೆಯದೂ ಅಲ್ಲ.

“ನೀರು ಹಾಕಬೇಡಿ.”

“ಏನಂದ್ರಿ?”

“ಒಂದು ಹನೀನೂ ಹಾಕಬೇಡಿ.”

ರಾಮದಾಸ ಹತ್ತಿರ ಬಂದು ಹಲ್ಲುಕಚ್ಚಿ ಹೇಳಿದ: “ವಾಸಂತಿ, ಇದು ನಿಮ್ಮ ಕ್ಲೇಮ್ ಸೆಕ್ಷನ್ ಅಲ್ಲ. ಸಾವಿನ ಮನೆ.”

ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಅವಳು ಓದಿದ್ದು ಸಾವಿನ ಕಾಗದಗಳನ್ನೇ. ಸುಟ್ಟಮೇಲೆ ಯಾವ ಕಾಗದವೂ ಬಾಯಿ ಬಿಡುವುದಿಲ್ಲ. ಬಾಲ್ಕನಿಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದಳು. ತಪ್ಪಾಗಿದ್ದರೆ? ಈ ಬೀದಿಯಲ್ಲಿ ಮತ್ತೆ ತಲೆಯೆತ್ತುವ ಹಾಗಿಲ್ಲ.

ಸಬ್‌ಇನ್ಸ್‌ಪೆಕ್ಟರ್ ದಿನೇಶ್ ಬಂದಾಗ ಹತ್ತು ಗಂಟೆ. ಹೊಸೂರಿನವನು, ಕನ್ನಡ ಬರುತ್ತಿತ್ತು.

“ಮೇಡಂ, ವಯಸ್ಸಾದೋರು. ಸ್ಟೂಲ್ ಹತ್ತಿದಾರೆ, ಬಿದ್ದಿದಾರೆ. ಡಾಕ್ಟರ್ ಸರ್ಟಿಫಿಕೇಟ್ ಇದೆ. ನಾನೇನ್ ಮಾಡ್ಲಿ, ಸೊಲ್ಲುಂಗೊ, ನೀವೇ ಹೇಳಿ.”

“ಹತ್ತು ನಿಮಿಷ ಕೊಡಿ. ಇವರನ್ನು ಸ್ವಲ್ಪ ಮಾತಾಡಿಸಬೇಕು.”

“ಸ್ಟೂಲ್ ಕೊಟ್ಟೋನನ್ನ ಮೊದಲು ಕೇಳಿ ಸಾರ್!” ಪ್ರಮೋದ್ ದನಿಯೇರಿಸಿದ. “ಆ ವಾಚ್‌ಮನ್. ಕಾಲು ಅಲ್ಲಾಡೋ ಸ್ಟೂಲು ತಂದಿಟ್ಟಿದಾನೆ.”

ವಾಚ್‌ಮನ್ ಅಂದಾನಿ ಬಾಗಿಲ ಬಳಿ ಟವೆಲ್ ಹಿಂಡುತ್ತ ನಿಂತಿದ್ದ. ಗದಗದ ಕಡೆಯವನು.

“ಸ್ಟೂಲು ಇವರ ಮನೀದ ಐತ್ರಿ. ನಿನ್ನೆ ಸಂಜೀಕ ಅವ್ವಾರು ಕರೆದ್ರು. ಅಟ್ಟದ ಮ್ಯಾಲಿಂದ ಟ್ರಂಕ್ ಇಳಿಸಿಕೊಟ್ಟೆ. ಮೆಟ್ಟಲಾ ಜೋಡಿಸಿದೆ. ಅಷ್ಟರೀ.”

“ರಾಜ-ರಾಣಿ ನೀನು ಇಟ್ಟೆಯಾ?” ಎಂದು ವಾಸಂತಿ ಕೇಳಿದಳು.

“ನಾ ಯಾಕ ಮುಟ್ಟಲ್ರೀ? ಅವ್ವಾರೂ ಮುಟ್ಟಲಿಲ್ಲ. ‘ಅದನ್ನ ಬಟ್ಟ್ಯಾಗ ಹಂಗ ಇರಲಿ, ನಾಳೆ ವಾಸಂತಿ ಬಂದು ಇಡ್ತಾಳ’ ಅಂದ್ರು.”

ವಾಸಂತಿ ತುಂಗಕ್ಕನ ಸೊಸೆಯ ಕಡೆ ತಿರುಗಿದಳು.

“ವಂದನಾ, ನೀನು ಇಟ್ಟೆಯಾ?”

“ನಾನು ನಿನ್ನೆ ಸಂಜೆಯೇ ಬೆಸೆಂಟ್ ನಗರಕ್ಕೆ, ಅಮ್ಮನ ಮನೆಗೆ ಹೋದೆ ಆಂಟಿ. ಇವರು ಫೋನ್ ಮಾಡಿದ ಮೇಲೆ ಬಂದೆ.” ಅವಳ ಕಣ್ಣು ನೆಲದಲ್ಲಿತ್ತು.

“ಪ್ರಮೋದ್, ನೀನು?”

“ನಾನ್ಯಾಕೆ ಇಡ್ಲಿ? ಅಮ್ಮನೇ ಇಟ್ಟಿದಾರೆ. ಅದಕ್ಕೇ ಹತ್ತಿದ್ದು, ಅದಕ್ಕೇ ಬಿದ್ದಿದ್ದು. ಎಷ್ಟು ಸಲ ಹೇಳ್ಬೇಕು?”

“ಇನ್ನೊಂದೇ ಸಲ ಹೇಳು. ಸಾಹೇಬರ ಮುಂದೆ.”

“ಅಮ್ಮನೇ ಇಟ್ಟರು!”

ವಾಸಂತಿ ದಿನೇಶನ ಕಡೆ ನೋಡಿದಳು.

“ಸಾರ್, ಪಟ್ಟದ ಗೊಂಬೆ ಹೆಣ್ಣಿಗೆ ಮದುವೆಯಲ್ಲಿ ತವರಿನವರು ಕೊಡೋದು. ಗಂಡ-ಹೆಂಡತಿ ಅಂತ ಲೆಕ್ಕ. ಎಲ್ಲಕ್ಕಿಂತ ಮೊದಲು ಅದನ್ನೇ ಕೂರಿಸಬೇಕು. ಅಷ್ಟು ಪ್ರಮೋದನಿಗೆ ಗೊತ್ತು, ಚಿಕ್ಕಂದಿನಿಂದ ನೋಡಿದಾನೆ. ಒಂಬತ್ತು ವರ್ಷದ ಹಿಂದೆ ಅವನ ಅಪ್ಪ ಹೋದರು. ಅವತ್ತಿಂದ ತುಂಗಕ್ಕ ಆ ಜೋಡಿಯನ್ನು ಕೈಯಿಂದ ಮುಟ್ಟಿಲ್ಲ. ವಿಧವೆ ಮುಟ್ಟಬಾರದು ಅನ್ನೋ ಕಟ್ಟಳೆ ಬೇಡ ಅಂತ ನಾನು ಎಷ್ಟೋ ಜಗಳ ಆಡಿದೀನಿ. ಕೇಳಲಿಲ್ಲ. ಪ್ರತಿ ನವರಾತ್ರಿಯ ಪಾಡ್ಯದ ದಿನ, ಗಂಡಸರೆಲ್ಲ ಆಫೀಸಿಗೆ ಹೋದಮೇಲೆ, ನಾನು ಬಂದು ಇಡ್ತಿದ್ದೆ. ತುಂಗಕ್ಕ ಆ ಬಾಗಿಲ ಹತ್ತಿರ ನಿಂತು ನೋಡ್ತಿದ್ದರು. ಮಗನಿಗೆ ಗೊತ್ತಿರಲಿಲ್ಲ. ಹೆಂಗಸರ ವಿಷಯ, ಯಾರು ಹೇಳ್ತಾರೆ?”

ಪ್ರಮೋದ್ ನಗಲು ನೋಡಿದ. “ಐಯೋ, ಅಮ್ಮನಿಗೆ ಮರೆವು ಆಂಟಿ! ಮರೆತು ಇಟ್ಟಿರ್ತಾರೆ.”

“ನಿನ್ನೆ ಸಂಜೆ ಮರೆತಿರಲಿಲ್ಲವಲ್ಲ. ಅಂದಾನಿ ಹೇಳಿದ್ದು ನೀನೇ ಕೇಳಿದೆ. ಸ್ಟೂಲಿಂದ ಬಿದ್ದವರು ಮೇಲೆ ಏನಾದರೂ ಇಡಲು ಹೋಗಿರಬೇಕಲ್ಲ, ಅಂತ ನೀನು ಯೋಚಿಸಿದೆ. ರಾಜ-ರಾಣೀನ ಬಟ್ಟೆಯಿಂದ ಬಿಚ್ಚಿದೆ, ಮೇಲಿಟ್ಟೆ. ಮನೇಲಿದ್ದದ್ದು ನೀನೊಬ್ಬನೇ.”

ದಿನೇಶನ ಮುಖದ ಬೇಸರ ಹೋಗಿತ್ತು. “ಯಾಕೆ ಮೇಡಂ? ಕಾರಣ ಏನು?”

ವಾಸಂತಿ ಎದ್ದು ತುಂಗಕ್ಕನ ಕೋಣೆಯ ಬಾಗಿಲಿಗೆ ಹೋದಳು. ಹೊರಮೈಯಲ್ಲಿ, ಎದೆಯೆತ್ತರದಲ್ಲಿ, ನಾಲ್ಕು ಸಣ್ಣ ತೂತು. ಕೆಳಗೆ ಹೊಸ ಮರದ ಹೊಟ್ಟು, ಇನ್ನೂ ಗುಡಿಸಿರಲಿಲ್ಲ.

“ಇಲ್ಲಿ ಚಿಲಕ ಇತ್ತು. ಹೊರಗಡೆಯಿಂದ ಹಾಕೋ ಚಿಲಕ. ಇವತ್ತು ಬೆಳಿಗ್ಗೆ ಬಿಚ್ಚಿದಾರೆ. ವಂದನಾ, ಎಷ್ಟು ದಿನದಿಂದ?”

ಪಕ್ಕದ ಮನೆಯ ಕುಕ್ಕರ್ ಕೂಗಿ ಸುಮ್ಮನಾಯಿತು.

“ವಂದನಾ, ವೇಂಡಾಂ,” ಎಂದ ಪ್ರಮೋದ್. ಬೇಡ ಎಂಬ ಆ ತಮಿಳು ಮಾತಿನಲ್ಲಿ ಬೇಡಿಕೆ ಇರಲಿಲ್ಲ, ಬೆದರಿಕೆ ಇತ್ತು.

ಅವಳು ಕುಸಿದು ಕೂತಳು. “ನಾಲ್ಕು ತಿಂಗಳು ಆಂಟಿ. ಎರಡು ಸಲ ಸ್ಟೇಷನ್ ಹತ್ತಿರ ದಾರಿ ತಪ್ಪಿಸಿಕೊಂಡಿದ್ದರು. ಒಳ್ಳೇದಕ್ಕೇ ಅಂತ ಚಿಲಕ ಹಾಕಿದ್ವಿ. ಆಮೇಲೆ... ಇವರು ಕೈ ಮಾಡೋಕೆ ಶುರು ಮಾಡಿದ್ರು. ಫೋನು ಕಿತ್ತುಕೊಂಡ್ರು. ನಾಳೆ ಹಬ್ಬ ಅಲ್ವಾ ಅಂತ ನಿನ್ನೆ ನಾನೇ ಚಿಲಕ ಹಾಕದೆ ಹೋದೆ. ಅವರು ಗೊಂಬೆ ಇಳಿಸ್ತಾರೆ ಅಂತ ಗೊತ್ತಿರಲಿಲ್ಲ.”

“ಗೊಂಬೆ ಇಳಿಸಿದರೆ ಜನ ಬರ್ತಾರೆ,” ಎಂದಳು ವಾಸಂತಿ. “ಬಂದವರು ಕೈ ನೋಡ್ತಾರೆ, ಚಿಲಕ ನೋಡ್ತಾರೆ. ಅಲ್ವಾ ಪ್ರಮೋದ್?”

ಅವನು ಚಾಪೆಯ ಕಡೆ ನೋಡಲಿಲ್ಲ. “ಬೇಡ ಅಂದ್ರೆ ಕೇಳಬೇಕಲ್ಲ? ವಾಸಂತಿ ಬರ್ತಾಳೆ, ವಾಸಂತಿ ಬರ್ತಾಳೆ... ಅದೇ ರಾಗ. ಒಂದೇ ಒಂದು ಸಲ ತಳ್ಳಿದೆ. ಅಷ್ಟೇ.”

ಹನ್ನೊಂದಕ್ಕೆ ಬಂದ ಗಾಡಿಯನ್ನು ದಿನೇಶ್ ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ತಿರುಗಿಸಿದ. ಪ್ರಮೋದನನ್ನು ಜೀಪಿನಲ್ಲಿ ಕರೆದೊಯ್ದರು.

ವಾಸಂತಿ ಗಂಡನ ಜೊತೆ ಮಹಡಿಯ ಮೆಟ್ಟಿಲಿಳಿಯುವಾಗ ಅಂದಾನಿ ಹಿಂದೆಯೇ ಬಂದ.

“ಅವ್ವಾರ, ಒಂದ್ ಮಾತ್ರೀ. ನಿನ್ನೆ ಸಂಜೀಕ ನಿಮ್ಮ ಮನೀಗೆ ಬಂದಿದ್ನಿ. ‘ವಾಸಂತಿಗೆ ಹೇಳು, ನಾಳೆ ಖರೇನ ಬರಾಕ ಬೇಕು’ ಅಂತ ಹೇಳಿ ಕಳಿಸಿದ್ರು. ನೀವಿರಲಿಲ್ಲ. ಸಾಹೇಬರಿಗೆ ಹೇಳಿ ಬಂದೆ.”

ವಾಸಂತಿ ನಿಂತಳು. ಗಂಡನ ಮುಖ ನೋಡಿದಳು.

ರಾಮದಾಸ ಕನ್ನಡಕ ತೆಗೆದು ಒರೆಸಿಕೊಂಡ. “ಹೇಳಿದ್ದ. ಮನೆಮನೆಗೆ ಹೋಗೋದು ಬೇಡ ಅಂತ ತೀರ್ಮಾನ ಆಗಿತ್ತಲ್ಲ. ಅಧ್ಯಕ್ಷನ ಹೆಂಡತಿಯೇ ಹೋದರೆ ಚೆನ್ನಾಗಿರಲ್ಲ ಅಂತ... ನಿನಗೆ ಹೇಳಲಿಲ್ಲ.”

ಅವಳೂ ಕೈ ಎತ್ತಿದ್ದವಳೇ. ಈ ನಾಲ್ಕು ತಿಂಗಳಲ್ಲಿ ಮೂರು ಸಲ ಆ ಬಾಗಿಲಿಗೆ ಹೋಗಿ, ‘ಅಮ್ಮ ಮಲಗಿದಾರೆ’ ಎಂಬ ಮಾತು ಕೇಳಿಕೊಂಡು ಹಿಂದಿರುಗಿದವಳು. ಹಬ್ಬದಲ್ಲಿ ಮಾತ್ರ ಯಾರೂ ಯಾರನ್ನೂ ಬಾಗಿಲಲ್ಲೇ ನಿಲ್ಲಿಸಿ ಕಳಿಸುವ ಹಾಗಿರಲಿಲ್ಲ. ನನ್ನ ಮನೆ ಯಾರು ನೋಡ್ತಾರೆ? ತುಂಗಕ್ಕ ಕೇಳಿದ್ದು ಗೊಂಬೆಯ ಮಾತಲ್ಲ.

ಸಂಜೆ ಐದಕ್ಕೆ ವಾಸಂತಿ ಮುಖ ತೊಳೆದು ಸೀರೆ ಬದಲಿಸಿದಳು. ಎಲ್ಲಿಗೆ ಎಂದು ರಾಮದಾಸ ಕೇಳಲಿಲ್ಲ. ಬೀದಿಯ ಮೊದಲ ಮನೆ ವೃಂದಾಳದು. ಕರೆಗಂಟೆ ಒತ್ತಿದಳು.

ವೃಂದಾ ತಬ್ಬಿಬ್ಬಾದಳು. “ವಾಸಂತಿ ಅಕ್ಕ! ಇವತ್ತು... ಭಾನುವಾರ ಮಂಟಪದಲ್ಲಿ ಅಲ್ವಾ?”

“ಗೊಂಬೆ ಕೂರಿಸಿದ್ದೀಯಾ?”

“ಹ್ಞೂಂ. ಸ್ವಲ್ಪವೇ. ಬನ್ನಿ, ಒಳಗೆ ಬನ್ನಿ.”

ವಾಸಂತಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೂರು ಮೆಟ್ಟಿಲು, ಹಣತೆ, ಸೆಟ್ಟಿ-ಸೆಟ್ಟಮ್ಮನ ಗೊಂಬೆ. ಕೈಮುಗಿದಳು. ಕುಂಕುಮ ಕೊಡಲು ಬಂದ ವೃಂದಾಳ ಎರಡೂ ಕೈಗಳನ್ನು ಹಿಡಿದು, ಬಳೆ ಸರಿಸಿ, ಮಣಿಕಟ್ಟು ನೋಡಿದಳು.

ಆಮೇಲೆ ಕೇಳಿದಳು: “ನಿಮ್ಮತ್ತೆ ಎಲ್ಲಿ? ಕರೀಬೇಡ. ನಾನೇ ಅವರ ಕೋಣೆಗೆ ಹೋಗಿ ಮಾತಾಡಿಸ್ತೀನಿ.”

ಇನ್ನೂ ಹನ್ನೊಂದು ಮನೆ ಇದ್ದವು.