ಟ್ರಿಪ್ಪರ್ ಮೇಲಿನ ಗಂಟು

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಗುತ್ತಿಗೆದಾರ ದೂರು ಹಿಡಿದುಕೊಂಡು ಠಾಣೆಗೆ ಬಂದ. ದೂರನ್ನು ಟೈಪ್ ಮಾಡಿಸಿದ್ದ. ಅವನ ಕಟ್ಟಡದಲ್ಲಿ ಕೆಲಸಗಾರನೊಬ್ಬನಿಗೆ ಶಾಕ್ ಹೊಡೆದು ಇನ್ನೂ ಎರಡು ಗಂಟೆ ಆಗಿರಲಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಲು ಸೈಟಿನ ಜೀಪು ಸಿಕ್ಕಿರಲಿಲ್ಲ, ಜೊತೆಯವರು ಬಾಡಿಗೆ ಗಾಡಿ ಹಿಡಿದಿದ್ದರು. ದೂರು ಟೈಪ್ ಮಾಡಿಸುವುದಕ್ಕೆ ಮಾತ್ರ ಜೀಪು ಸಿಕ್ಕಿತ್ತು.

ಇನ್ಸ್‌ಪೆಕ್ಟರ್ ಓದಿದರು. ಮೂರನೇ ಮಹಡಿಯಲ್ಲಿ ಟೈಲ್ಸ್ ಕೆಲಸದವನಿಗೆ ಸೈಟ್ ರೇಡಿಯೊದ ವೈರಿನಿಂದ ಶಾಕ್ ಹೊಡೆದಿದೆ. ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ನನ ಬೇಜವಾಬ್ದಾರಿಯೇ ಕಾರಣ. ಅವನನ್ನು ಬಂಧಿಸಿ, ಲೈಸೆನ್ಸ್ ರದ್ದು ಮಾಡಿಸಬೇಕು.

"ಅವನೇ ಅಂತ ಹೇಗೆ ಗೊತ್ತು?"

"ಕರೆಂಟ್ ಕೆಲಸ ಇನ್ಯಾರು ಮಾಡ್ತಾರೆ ಸಾರ್?"

"ಬೆಳಗ್ಗೆ ಸೈಟಲ್ಲಿದ್ನಾ?"

"ಇರ್ಲಿಲ್ಲ. ನಿನ್ನೆ ಇದ್ದ."

"ಶಾಕ್ ಹೊಡೆದವನು ಹೇಗಿದ್ದಾನೆ?"

ಗುತ್ತಿಗೆದಾರ ಹೆಡ್ ಕಾನ್‌ಸ್ಟೇಬಲ್ ಮುಖ ನೋಡಿದ. ಉತ್ತರ ಅಲ್ಲಿ ಬರೆದಿರಲಿಲ್ಲ. "ಚೆನ್ನಾಗಿರ್ಬೇಕು ಸಾರ್."

ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಸದ್ಯಕ್ಕೆ 'ಅಪರಿಚಿತ' ಎಂದು ಬರೆಯಲು ಇನ್ಸ್‌ಪೆಕ್ಟರ್ ಹೇಳಿದಾಗ ಗುತ್ತಿಗೆದಾರನ ಮುಖ ಹುಳಿ ಹಿಂಡಿದ ಹಾಗಾಯಿತು.

ಎಲೆಕ್ಟ್ರಿಷಿಯನ್ ಆಗಲೇ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಸುದ್ದಿ ಕೇಳಿ ತಾನಾಗಿಯೇ ಬಂದಿದ್ದ. ಲೈಸೆನ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರ್ ಸಮೇತ ಅಂಗೈಯಲ್ಲಿ ಒತ್ತಿ ಹಿಡಿದಿದ್ದ.

"ರೇಡಿಯೊಗೆ ಕರೆಂಟ್ ಕೊಟ್ಟಿದ್ದು ನೀನಾ?"

"ಹೌದು ಸಾರ್. ಟ್ರಿಪ್ಪರ್ ಕೆಳಗಿನ ಪ್ಲಗ್ಗಿಂದ ಕೊಟ್ಟಿದ್ದೆ. ಎಲ್ಲಾದ್ರೂ ಕರೆಂಟ್ ಸೋರಿದ್ರೆ ಟ್ರಿಪ್ಪರ್ ಕಣ್ಣು ಮಿಟುಕೋದ್ರೊಳಗೆ ಬೀಳುತ್ತೆ. ಮನುಷ್ಯ ಉಳೀತಾನೆ."

"ಇವತ್ತು ಬಿದ್ದಿಲ್ವಲ್ಲ?"

"ಅದೇ ನಂಗೂ ಅರ್ಥ ಆಗ್ತಿಲ್ಲ. ಸಾರ್, ಈ ಕಾರ್ಡ್ ಬಂದು ಎಂಟು ತಿಂಗಳಾಯ್ತು. ಇದು ಹೋದ್ರೆ ನಾನು ಮತ್ತೆ ಇನ್ನೊಬ್ಬರ ಕೈಕೆಳಗೆ ವೈರ್ ಎಳೀಬೇಕು."

"ಕಾರ್ಡ್ ಜೇಬಲ್ಲಿಡು. ಬೆವರಿಗೆ ಅಕ್ಷರ ಅಳಿಸೋಗುತ್ತೆ," ಎಂದರು ಇನ್ಸ್‌ಪೆಕ್ಟರ್. "ನಡಿ, ಸೈಟಿಗೆ."

ಎರಡು ಗಂಟೆಗೆ ಸ್ಥಳ ಪಂಚನಾಮೆ ಶುರುವಾಯಿತು. ಎದುರಿನ ಹಾರ್ಡ್‌ವೇರ್ ಅಂಗಡಿಯವನು ಮತ್ತು ಪಕ್ಕದ ಕಟ್ಟಡದ ಕಾವಲುಗಾರ ಪಂಚರು. ಕಾವಲುಗಾರ ಮೂರು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತ, "ಲಿಫ್ಟ್ ಹಾಕಿದ್ಮೇಲೆ ಮಾಡಬಹುದಿತ್ತಲ್ಲ ಸಾರ್ ಪಂಚನಾಮೆ," ಎಂದ.

ಮೂರನೇ ಮಹಡಿಯ ಹಜಾರದಲ್ಲಿ ಅರ್ಧ ಟೈಲ್ಸ್ ಕೂತಿತ್ತು. ಟೈಲ್ಸ್ ಕತ್ತರಿಸುವ ಮಿಷಿನ್ ಸುತ್ತ ನೀರು ನಿಂತಿತ್ತು. ಆ ನೀರಿನಾಚೆ ಸಿಮೆಂಟ್ ಚೀಲದ ಮೇಲೆ ರೇಡಿಯೊ ಇತ್ತು. ಹಳದಿ ಮೈ, ನಾಲ್ಕು ಮೂಲೆಗೂ ದಪ್ಪ ರಬ್ಬರು, ಕೈಯಿಂದ ಜಾರಿ ಬಿದ್ದರೂ ಒಡೆಯದಂಥದ್ದು. ಅದರ ವೈರ್ ನೀರಿನೊಳಗಿಂದ ಹಾದು, ಸಾರುವೆಯ ಕಬ್ಬಿಣದ ಪೈಪಿನ ಮೇಲೆ ಬಿದ್ದು, ಗೋಡೆಯ ಬೋರ್ಡಿಗೆ ಹೋಗಿತ್ತು. ಪೈಪಿಗೆ ತಾಗಿದ್ದಲ್ಲಿ ಟೈಲಿನ ಚೂಪು ಅಂಚು ತಗುಲಿ ವೈರಿನ ಸಿಪ್ಪೆ ಹರಿದಿತ್ತು.

ಟೈಲ್ಸ್‌ನವನನ್ನು ಪೈಪಿನಿಂದ ಬಿಡಿಸಿದ್ದು ಗಾರೆ ಕಲಸುವ ಹೆಂಗಸು. ಸೈಟಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ.

"ಏನ್ ಮಾಡಿದೆ ಅಕ್ಕ?"

"ಗಾರೆ ಸಮ ಮಾಡೋ ರೂಲು ಕಟ್ಟಿಗೆ ತಗೊಂಡು ಕೈಗೊಂದು ಬಿಟ್ಟೆ. ಈ ಗಂಡಸರು 'ಅಯ್ಯಯ್ಯೋ' ಅಂತ ನಿಂತಿದ್ರು. ಅಯ್ಯಯ್ಯೋ ಅಂದ್ರೆ ಕರೆಂಟ್ ಬಿಡುತ್ತಾ?"

ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಬೋರ್ಡಿನ ಮುಚ್ಚಳ ತೆಗೆದ. ತೆಗೆದವನು ಹಾಗೇ ನಿಂತ. ಟ್ರಿಪ್ಪರ್ ಕೆಳಗಿನ ಪ್ಲಗ್ ಖಾಲಿ ಇತ್ತು. ರೇಡಿಯೊ ವೈರಿನ ಎರಡೂ ಎಳೆಗಳನ್ನು ಯಾರೋ ಟ್ರಿಪ್ಪರಿಗಿಂತ ಮೇಲೆ, ನೇರ ಮೇನ್ ವೈರಿಗೇ ಕಟ್ಟಿದ್ದರು. ಟ್ರಿಪ್ಪರ್ ಬಿದ್ದರೂ ಆ ವೈರಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ.

"ಇದು ನಿನ್ನ ಕೆಲಸ ಅಲ್ವಾ?"

"ಸಾರ್, ನಾನಾಗಿದ್ರೆ ಕಪ್ಪು ಟೇಪ್ ಸುತ್ತಿರ್ತಿದ್ದೆ. ಇಲ್ನೋಡಿ, ದಾರ."

ನೈಲಾನ್ ದಾರ, ಕಿತ್ತಳೆ ಬಣ್ಣದ್ದು. ಗೋಡೆ ಕಟ್ಟುವಾಗ ಸಾಲು ನೆಟ್ಟಗಿರಲೆಂದು ಇಟ್ಟಿಗೆಯಿಂದ ಇಟ್ಟಿಗೆಗೆ ಎಳೆಯುತ್ತಾರಲ್ಲ, ಅದೇ. ಮುಚ್ಚಳದ ಸ್ಕ್ರೂಗಳ ಸೀಳಿನಲ್ಲಿ ಸಿಮೆಂಟ್ ಮೆತ್ತಿತ್ತು. ಯಾರೋ ಗಾರೆ ಬಳಿಯುವ ಕರಣಿಯ ತುದಿಯಿಂದ ಸ್ಕ್ರೂ ತಿರುಗಿಸಿದ್ದರು. ಗಂಟನ್ನು ಬಿಚ್ಚದೆ, ವೈರ್ ಸಮೇತ ಕತ್ತರಿಸಿ ಕವರಿಗೆ ಹಾಕಲು ಇನ್ಸ್‌ಪೆಕ್ಟರ್ ಹೇಳಿದರು.

ರೇಡಿಯೊ ಎತ್ತಿ ನೋಡಿದ ಹೆಡ್ ಕಾನ್‌ಸ್ಟೇಬಲ್, "ಸಾರ್, ಹಿಂದೆ ಬ್ಯಾಟರಿ ಹಾಕೋ ಜಾಗ ಖಾಲಿ ಇದೆ," ಎಂದ.

"ಡ್ರಿಲ್ಲಿಂಗ್ ಮಿಷಿನ್ ಬ್ಯಾಟರಿನೇ ಅದಕ್ಕೂ ಕೂರುತ್ತೆ," ಎಂದ ಎಲೆಕ್ಟ್ರಿಷಿಯನ್. "ನೀರಿನ ಕೆಲಸ ಇದ್ದಾಗ ಬ್ಯಾಟರಿ ಮೇಲೆ ಓಡಿಸಿ ಅಂತ ಹೇಳಿದ್ದೆ. ವೈರೇ ಬೇಕಿಲ್ಲ."

"ಬ್ಯಾಟರಿ ಎಲ್ಲಿ?"

ಎಲ್ಲರೂ ಗುತ್ತಿಗೆದಾರನ ಕಡೆ ನೋಡಿದರು. ಕೆಳಗೆ ಅವನ ಕೋಣೆಯ ಬೀರು ತೆರೆಸಿದಾಗ ಎರಡು ಬ್ಯಾಟರಿಗಳು ಸಿಕ್ಕವು. ಎರಡೂ ಪೂರ್ತಿ ಚಾರ್ಜ್ ಆಗಿದ್ದವು. ಮನುಷ್ಯರನ್ನು ನೀರಲ್ಲಿ ನಿಲ್ಲಿಸಿ ಬ್ಯಾಟರಿಯನ್ನು ಬೀಗ ಹಾಕಿ ಕಾಪಾಡಿದ್ದ ಪುಣ್ಯಾತ್ಮ.

ಆಸ್ಪತ್ರೆಯಲ್ಲಿ ಟೈಲ್ಸ್‌ನವನು ಕೂತು ಬನ್ ತಿನ್ನುತ್ತಿದ್ದ. ಬಲ ಅಂಗೈ ಸುಟ್ಟಿತ್ತು. ಒಂದು ದಿನ ನೋಡಿ ಕಳಿಸುತ್ತೇವೆ ಎಂದಿದ್ದರು ಡಾಕ್ಟರು.

"ಬೋರ್ಡ್ ಯಾರು ತೆಗೆದ್ರು, ನೋಡಿದ್ಯಾ?"

"ಇಲ್ಲ ಸಾರ್. ಬೆಳಗ್ಗೆಯಿಂದ ನನ್ನ ಮಿಷಿನ್ ಆನ್ ಮಾಡಿದಾಗಲೆಲ್ಲ ಟ್ರಿಪ್ಪರ್ ಬೀಳ್ತಿತ್ತು. ಜೊತೆಗೆ ರೇಡಿಯೊನೂ ನಿಲ್ತಿತ್ತು. ಆಮೇಲೆ ನೋಡಿದ್ರೆ ಮಿಷಿನ್ ನಿಂತ್ರೂ ರೇಡಿಯೊ ಮಾತಾಡ್ತಾನೇ ಇತ್ತು. ಯಾವುದೋ ಮಗು. ನಗು ಬರೋ ಹಂಗೆ ಮಾತಾಡ್ತಿತ್ತು. ನಗ್ತಾ ಪೈಪ್ ಹಿಡ್ಕೊಂಡೆ, ಅಷ್ಟೇ."

ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಮತ್ತೆ ಸೈಟಿಗೆ ಹೋದರು. ಎಲೆಕ್ಟ್ರಿಷಿಯನ್ ಇನ್ನೂ ಅಲ್ಲೇ ಇದ್ದ. ಗಾರೆಯವರು ಮೂವರಿದ್ದರು. ಮೂವರನ್ನೂ ಕರೆದು ಅಂಥದ್ದೇ ಕಿತ್ತಳೆ ದಾರದ ಉಂಡೆಯನ್ನೂ ಮೂರು ಇಟ್ಟಿಗೆಯನ್ನೂ ಮುಂದಿಟ್ಟರು.

"ಕಟ್ಟಿ."

"ಏನ್ ಸಾರ್, ಪರೀಕ್ಷೆನಾ?" ಒಬ್ಬ ಹಲ್ಲು ಕಿರಿದ.

ಮೊದಲನೆಯವನು ಕಟ್ಟಿದ. ಎರಡನೆಯವನೂ ಕಟ್ಟಿದ. ಇಬ್ಬರ ದಾರವೂ ಒಂದೇ ದಿಕ್ಕಿಗೆ ಸುತ್ತಿತ್ತು. ಮೂರನೆಯವರು ಮೇಸ್ತ್ರಿ. ಐವತ್ತು ದಾಟಿದ ಆಳು, ಎಡಗೈಯವರು. ಇಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ತಿರುವುಮುರುವಾಗಿ ಸುತ್ತಿ, ತುದಿಯನ್ನು ಒಳಗೆ ತೂರಿಸಿ ಎಳೆದರು. ಎಳೆದ ಮೇಲೆ ತಾವೇ ಅದನ್ನು ನೋಡಿದರು. ಇನ್ಸ್‌ಪೆಕ್ಟರ್ ಕವರಿನೊಳಗಿನ ಗಂಟನ್ನು ಪಕ್ಕದಲ್ಲಿಟ್ಟರು.

"ಮೂವತ್ತು ವರ್ಷದಿಂದ ಕೈ ಹಿಂಗೇ ಹೋಗುತ್ತೆ ಸಾರ್," ಎಂದರು ಮೇಸ್ತ್ರಿ ಮೆಲ್ಲಗೆ. "ಸುಳ್ಳು ಹೇಳು ಅಂದ್ರೂ ಕೈ ಕೇಳಲ್ಲ."

"ಯಾಕೆ ಮಾಡಿದ್ರಿ?"

"ಹತ್ತೂವರೆಗೆ ಮಕ್ಕಳ ಕಾರ್ಯಕ್ರಮದಲ್ಲಿ ನನ್ನ ಮಗಳು ಬರ್ತಾಳೆ ಅಂತಿತ್ತು. ಕೊನೇ ಮಗಳು. ಗುಬ್ಬಿ ಅಂತೀವಿ. ಬ್ಯಾಟರಿ ಒಂದು ಗಂಟೆ ಕೊಡಿ ಅಂತ ಸಾಹುಕಾರ್ರನ್ನ ಕೇಳ್ದೆ. ಹಾಡು ಕೇಳಕ್ಕೆ ಬ್ಯಾಟರಿ ಕೊಟ್ರೆ ಕೆಲಸ ಯಾರಪ್ಪ ಮಾಡ್ತಾನೆ ಅಂದ್ರು. ಟ್ರಿಪ್ಪರ್ ಬೀಳ್ತಾನೇ ಇತ್ತು. ಮಗಳು ಮಾತಾಡೋ ಹೊತ್ತಿಗೇ ಬಿದ್ದುಬಿಟ್ರೆ? ಕಾರ್ಯಕ್ರಮ ಮುಗಿದ ತಕ್ಷಣ ಬಿಚ್ಚೋಣ ಅಂತ ಕಟ್ಟಿದೆ."

"ಕೇಳಿದ್ರಾ?"

"ಎಲ್ಲಿ ಸಾರ್. ಅದೇ ಹೊತ್ತಿಗೆ ಮರಳು ಲಾರಿ ಬಂತು, ಹಿಂದಕ್ಕೆ ತಗೊಳ್ಳಕ್ಕೆ ಜಾಗ ತೋರ್ಸು ಅಂತ ಕೆಳಗೆ ಕರೆದ್ರು. ಮೇಲೆ ಬರೋ ಹೊತ್ತಿಗೆ ಇದು."

"ಎಲೆಕ್ಟ್ರಿಷಿಯನ್ ತಲೆಗೆ ಬಂದಾಗ್ಲೂ ಬಾಯಿ ಬಿಡ್ಲಿಲ್ಲ ನೀವು."

ಮೇಸ್ತ್ರಿ ತಲೆ ತಗ್ಗಿಸಿದರು. "ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಸಾಹುಕಾರ್ರು ಇವನ ಹೆಸರು ಹೇಳಿಬಿಟ್ರು. ಹೆದರಿ ನುಂಗಿಕೊಂಡೆ. ಶಾಕ್‌ಗಿಂತ ಅದೇ ದೊಡ್ಡ ತಪ್ಪು ಸಾರ್." ಎಲೆಕ್ಟ್ರಿಷಿಯನ್ ಕಡೆ ತಿರುಗಿದರು. "ಮಗಾ, ಬೈಯಪ್ಪ ನನ್ನ."

"ಬೈತೀನಿ," ಎಂದ ಅವನು. "ಮೊದಲು ನಡುಗೋದು ನಿಲ್ಲಿಸಿ ಮಾಮ."

ಐದು ಗಂಟೆಗೆ ಮೇಸ್ತ್ರಿಯ ಬಂಧನವಾಯಿತು. ಕರಣಿ, ದಾರ, ಗೋಡೆ ನೆಟ್ಟಗಿದೆಯೇ ಎಂದು ಇಳಿಬಿಟ್ಟು ನೋಡುವ ತೂಕದ ಗುಂಡು, ಬೀರುವಿನ ಬ್ಯಾಟರಿಗಳು ಜಪ್ತಿಯಾದವು. ಎಫ್‌ಐಆರ್‌ಗೆ ಎರಡನೇ ಆರೋಪಿಯಾಗಿ ಗುತ್ತಿಗೆದಾರನನ್ನು ಸೇರಿಸಲಾಯಿತು: ನೀರಿನ ಕೆಲಸದ ಜಾಗದಲ್ಲಿ ಸುರಕ್ಷಿತ ಸಾಧನವಿದ್ದೂ ಕೊಡದೆ ಬೀಗ ಹಾಕಿಟ್ಟದ್ದಕ್ಕೆ. ದೂರು ಕೊಟ್ಟವನು ನಾನು ಎಂದು ಅವನು ಕೂಗಾಡಿದ. ಹೆಡ್ ಕಾನ್‌ಸ್ಟೇಬಲ್ ಕುರ್ಚಿ ಸರಿಸಿ, "ಗೊತ್ತು ಸಾರ್, ಟೈಪ್ ತುಂಬಾ ಚೆನ್ನಾಗಿದೆ. ಕೂತ್ಕೊಳ್ಳಿ," ಎಂದ.

ಮರುದಿನ ಹೇಳಿಕೆಗೆ ಸಹಿ ಹಾಕಲು ಟೈಲ್ಸ್‌ನವನು ಕೈಗೆ ಪಟ್ಟಿ ಕಟ್ಟಿಕೊಂಡು ಠಾಣೆಗೆ ಬಂದ. ಸೈಟಿನಲ್ಲಿ ಎಲೆಕ್ಟ್ರಿಷಿಯನ್ ಆಗಲೇ ಬೋರ್ಡ್ ಸರಿಮಾಡಿ, ಒಣ ಗೋಡೆಗೆ ಎದೆಯೆತ್ತರದಲ್ಲಿ ಹಲಗೆ ಹೊಡೆದಿದ್ದಾನಂತೆ, ಬ್ಯಾಟರಿ ಬಿಡುಗಡೆಯಾದ ಮೇಲೆ ರೇಡಿಯೊ ಇನ್ನು ಅಲ್ಲೇ ಎಂದ. ಜಾಮೀನಿನ ಕಾಗದಕ್ಕೆ ಕಾದು ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿ ಎದ್ದು ನಿಂತರು.

"ಆ ಮಗು ನಿನ್ನದಂತಲ್ಲ ಮೇಸ್ತ್ರಿ?" ಎಂದ ಟೈಲ್ಸ್‌ನವನು. "ನಾನು ಕೇಳ್ದೆ."

"ಏನಂದ್ಲು?"

"ನಿಮ್ಮಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ರು. 'ನಮ್ಮಪ್ಪ ಊರವರ ಗೋಡೆ ಎಲ್ಲಾ ನೆಟ್ಟಗೆ ಕಟ್ತಾರೆ, ನಮ್ಮನೆ ಪುಸ್ತಕದ ಶೆಲ್ಫ್ ಮಾತ್ರ ವಾಲಿದೆ, ಪುಸ್ತಕ ಎಲ್ಲಾ ಜಾರಿ ಬೀಳುತ್ತೆ' ಅಂದ್ಲು. ಅದಕ್ಕೇ ನಂಗೆ ನಗು ಬಂದಿದ್ದು. ಈಗ ಹಾಡು ಹೇಳ್ತೀನಿ ಅಂದ್ಲು. ಆಮೇಲಿಂದು ಗೊತ್ತಿಲ್ಲ."

ಮೇಸ್ತ್ರಿ ಮುಖವನ್ನು ಎಡಗೈಯಿಂದ ಒರೆಸಿಕೊಂಡರು. ನಗುತ್ತಿದ್ದರೋ ಏನೋ, ಭುಜ ಕುಲುಕುತ್ತಿತ್ತು.

ಮಧ್ಯಾಹ್ನ ಜಾಮೀನಾಯಿತು. ಹೊರಟವರು ಬಾಗಿಲವರೆಗೆ ಹೋಗಿ ತಿರುಗಿ ಬಂದರು.

"ಸಾರ್, ಆ ತೂಕದ ಗುಂಡು... ಕೇಸಿಗೆ ಅದು ಬೇಕಾ?"

ಇನ್ಸ್‌ಪೆಕ್ಟರ್ ಯೋಚಿಸಿದರು. ದಾರ ಬೇಕು, ಕರಣಿ ಬೇಕು. ಗುಂಡಿಗೂ ಅಪರಾಧಕ್ಕೂ ಸಂಬಂಧವಿರಲಿಲ್ಲ. ರಸೀದಿ ಬರೆಸಿ, ಹಿತ್ತಾಳೆಯ ಗುಂಡನ್ನು ಅವರ ಅಂಗೈಯಲ್ಲಿಟ್ಟರು.

"ಕೆಲಸಕ್ಕೆ ಇವತ್ತೇ ಹೋಗ್ತೀರಾ?"

"ಇಲ್ಲ ಸಾರ್," ಎಂದರು ಮೇಸ್ತ್ರಿ. "ಶೆಲ್ಫು."