ಎಡಗಡೆ ಸೀಟಿನ ಜಿಗಣೆ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ, ಎಸ್ಟೇಟ್ ಬಿಟ್ಟು ಹೊರಟಿದ್ದ ದೊರೆಯೊಬ್ಬನಿಂದ ಎರಡೇ ಸೀಟಿನ ರೇಸ್ ಕಾರು ಕೊಂಡೆ. ಗಾಳಿಯಂತೆ ಓಡುತ್ತಿತ್ತು. ಆದರೆ ಕಾಲಡಿ ಸುಡುತ್ತಿತ್ತು, ಪೆಟ್ರೋಲ್ ನಾತ ಮೂಗಿಗೆ ಹೊಡೆಯುತ್ತಿತ್ತು.

"ಓಡೋ ಗಾಡಿ ಬೇಕು ಅಂದ್ರೆ ಇವೆಲ್ಲ ಸಹಿಸ್ಕೋಬೇಕು ಅಣ್ಣಾ" ಎಂದ ಮೆಕ್ಯಾನಿಕ್ ಪುಟ್ಟರಾಜು. ಸಹಿಸಿಕೊಂಡೆ.

ಹೆಂಡತಿ ಸುಲೋಚನ ಮಾತ್ರ "ಆ ಗಲೀಜಿಗೆ ನಾ ಹತ್ತಲ್ಲ" ಅಂದುಬಿಟ್ಟಳು. ಎಡಗಡೆ ಸೀಟು ಯಾವಾಗಲೂ ಖಾಲಿ.

ಬಿರುಬೇಸಿಗೆಯ ಒಂದು ಮಧ್ಯಾಹ್ನ ಶಿರಂಗಾಲದಿಂದ ಒಬ್ಬನೇ ಬಂದು ಪುಟ್ಟರಾಜುವಿನ ಶೆಡ್ ಮುಂದೆ ಕಾರು ನಿಲ್ಲಿಸಿದೆ. ಆ ಖಾಲಿ ಸೀಟಿನ ಮೇಲೆ ಹೆಬ್ಬೆರಳಿನಷ್ಟು ಉಬ್ಬಿದ ಜಿಗಣೆಯೊಂದು ಬಿದ್ದಿತ್ತು. ನೆಲವೆಲ್ಲ ಬಿರುಕು ಬಿಟ್ಟ ಕಾಲದಲ್ಲಿ ಜಿಗಣೆ! ಬಿಸಿಲಿಗೆ ಕಾದಿರಬೇಕಾದ ಚರ್ಮದ ಸೀಟು ತಣ್ಣಗೆ, ಒದ್ದೆಯಾಗಿ, ಯಾರೋ ಕೂತಂತೆ ತಗ್ಗಿತ್ತು.

ಪುಟ್ಟರಾಜು ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಜಿಗಣೆಗೆ ಮುಟ್ಟಿಸಿದ. ಅದು ಕುಡಿದ ರಕ್ತವನ್ನೆಲ್ಲ ಸೀಟಿನ ಮೇಲೆ ಕಕ್ಕಿತು.

"ಇದನ್ನೂ ಸಹಿಸ್ಕೋಬೇಕೇನಯ್ಯಾ?" ಎಂದೆ.

ಅವನು ನನ್ನ ಕೈಕಾಲು, ಬೆನ್ನು, ಕುತ್ತಿಗೆ ಎಲ್ಲ ನೋಡಿದ. ಎಲ್ಲೂ ಕಚ್ಚಿದ ಗುರುತಿರಲಿಲ್ಲ.

"ಅಣ್ಣಾ, ಈ ರಕ್ತ ನಿಮ್ದಲ್ಲ" ಎಂದ.

ಸೀಟು ಮುಟ್ಟಿ ನೋಡಿದೆ. ಆ ತಣ್ಣನೆಯ ಚರ್ಮದ ಮೇಲೆ ರಕ್ತ ಮಾತ್ರ ಬಿಸಿಯಾಗಿತ್ತು.