ಹಸಿರು ದೀಪ ಉರಿಯುತ್ತಲೇ ಇತ್ತು

ಮಳೆಗಾಲ ಹಿಡಿದು ಕೂತಿದ್ದ ದಿನಗಳು, ಮಧ್ಯಾಹ್ನ ಇಳಿಯುವ ಹೊತ್ತು. ಕೆಳಬೀದಿಯ ನದಿ ಕಚೇರಿಯ ಹುಡುಗಿ, ನದಿ ಇಳಿದು ಬರುವ ಗುಡ್ಡದ ಮೇಲಿನ ಕಾವಲುಮನೆಗೆ ಹತ್ತಿ ಹೋಗಿ, ತಾನು ಮಾಡಿದ ಸಂದೇಶದ ಪುಟವನ್ನು ಕಾವಲುಗಾರನಿಗೆ ತೋರಿಸಿದಳು.

“ನೀರು ಏರಿದ್ರೆ ಇಲ್ಲಿ ಬರೀರಿ. ರೆಪ್ಪೆ ಬಡಿಯೋದ್ರಲ್ಲಿ ನನಗೆ ಮುಟ್ಟುತ್ತೆ.”

“ನೀರಿನ ಸುದ್ದಿ ಮಾತ್ರನಾ?” ಅವನು ಕಣ್ಣೆತ್ತಿ ಕೇಳಿದ.

ಅವಳು ನಗು ಅಡಗಿಸಿಕೊಂಡು ಮೆಟ್ಟಿಲಿಳಿದಳು...

ಆಮೇಲೆ ದಿನವೂ ನೀರಿನ ಮಟ್ಟದ ಬೆನ್ನಿಗೇ ಇನ್ನೊಂದು ಸಾಲು ಬರುತ್ತಿತ್ತು. ‘ಊಟ ಆಯ್ತಾ?’ ಒಂದು ದಿನ, ‘ನನ್ನ ಮದುವೆ ಆಗ್ತೀಯಾ?’

‘ಯೋಚಿಸಿ ಹೇಳ್ತೀನಿ’ ಎಂದು ಬಿಗುಮಾನದಿಂದ ಬರೆದಳು.

ಅಂದು ಸಂಜೆ ಗಾಳಿ ಹುಚ್ಚೆದ್ದು ಬೀಸಿತು. ಮರುದಿನ ಅವನ ಕಡೆಯಿಂದ ಸದ್ದಿಲ್ಲ. ಪರದೆಯ ಮೂಲೆಯಲ್ಲಿ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಸಂಪರ್ಕ ಇದೆ!

‘ಮುನಿಸಿಕೊಂಡನೇ? ಮುನಿಸಿಕೊಳ್ಳಲಿ. ನಾನೇ ಮೊದಲು ಬರೆಯುವುದಿಲ್ಲ...’

“ಏನೇ, ನಿನ್ನ ಕಾವಲುಗಾರ ಬಾಯಿಗೆ ಬೀಗ ಹಾಕ್ಕೊಂಡ್ನಾ?” ಪಕ್ಕದ ಮೇಜಿನಿಂದ ಅತ್ತಿಗೆ ಛೇಡಿಸಿದಳು. ಸೈರನ್ ನೋಡಿಕೊಳ್ಳುವವಳು ಅವಳೇ. ಕಿಟಕಿಯಾಚೆ ಕಣ್ಣು ಹೋದದ್ದೇ ನಗು ಇಂಗಿತು. “ನೀರು ಯಾಕೆ ಇಷ್ಟು ಕಪ್ಪಗಿದೆ? ಒಂದು ಹಕ್ಕೀನೂ ಕೂಗ್ತಿಲ್ವಲ್ಲೇ...”

“ಮೇಲಿಂದ ಏನೂ ಬಂದಿಲ್ಲ ಅತ್ತಿಗೆ.”

ಎಂದವಳಿಗೆ ತನ್ನ ಮಾತೇ ಚುಚ್ಚಿತು. ನೀರಿನ ಮಟ್ಟವೂ ಬಂದಿಲ್ಲ! ಎಷ್ಟೇ ಮುನಿದರೂ ಅದನ್ನು ತಪ್ಪಿಸುವವನಲ್ಲ ಅವನು.

ಪುಟದ ಕೋಡ್ ತೆರೆದಳು. ಸಂದೇಶ ಸಾಗಿಸಲು ಅವಳು ಬಳಸಿದ್ದು ಲೈಬ್ರರಿ. ಪುಸ್ತಕದ್ದಲ್ಲ, ಯಾರೋ ಬರೆದಿಟ್ಟ ಸಿದ್ಧ ಕೋಡ್. ಸಂಪರ್ಕ ಕಡಿದರೆ ಅದು ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಆದರೆ ಅವನ ಮಾತು ಬಂದು ಬೀಳುವ ಕೋಣೆಗೆ ಪ್ರತಿ ಸಲವೂ ಹೊಸದಾಗಿ ಸೇರಬೇಕು. ಆ ಸಾಲು ಪುಟ ತೆರೆದಾಗ ಒಂದೇ ಸಲ ನಡೆಯುವಂತೆ ಬರೆದುಬಿಟ್ಟಿದ್ದಳು. ಗಾಳಿಗೆ ಕಡಿದದ್ದು ಕೂಡಿಕೊಂಡಿತ್ತು. ಅವಳು ಮಾತ್ರ ಕೋಣೆಯ ಹೊರಗೇ ನಿಂತಿದ್ದಳು!

ಸರಿಪಡಿಸಿದಳು. ಸರ್ವರ್ ಕೂಡಿಟ್ಟಿದ್ದೆಲ್ಲ ಸುರಿಯಿತು.

‘ನೀರು ಏರ್ತಿದೆ.’

‘ಕೆಳಬೀದಿಯವರನ್ನ ಹೊರಡಿಸು.’

‘ಇದ್ದೀಯಾ?’

‘ಮದುವೆ ಮಾತು ಬಿಟ್ಟಾಕು, ಸೈರನ್ ಹಾಕ್ಸು! ಅದು ಕೇಳಿಸೋವರೆಗೂ ನಾನು ಇಳಿಯಲ್ಲ.’

“ಅತ್ತಿಗೆ... ಸೈರನ್!”

ಕೂಗು ಬೀದಿ ತುಂಬಿತು. ಅವಳು ಬರೆದಳು, ‘ಈಗಷ್ಟೇ ಓದಿದೆ. ತಪ್ಪು ನನ್ನದು. ಇಳಿದು ಬಾ.’

‘ಉತ್ತರ?’

‘ಹೂಂ ಕಣೋ, ಹೂಂ! ಮೊದಲು ಬಾ!’

ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಅವನು ಬಾಗಿಲಲ್ಲಿ ನಿಂತಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

“ಉತ್ತರ ಬರ್ಲಿಲ್ಲ, ನೀನು ಬೇಡ ಅಂದ್ಬಿಟ್ಟೆ ಅನ್ಕೊಂಡೆ,” ಎಂದ.

“ಮತ್ಯಾಕೆ ಬರೀತಾನೇ ಇದ್ದೆ?”

“ನೀನು ಕೆಳಗಿದ್ದೆಯಲ್ಲ...”

“ಮಿಕ್ಕಿದ್ದು ಹಾದೀಲಿ ಅಳ್ಕೊಳ್ಳಿ, ನಡೀರಿ!” ಅತ್ತಿಗೆ ಗದರಿ ಮುಂದೆ ಹೋದಳು.

ಕೆಳಬೀದಿಯವರೆಲ್ಲ ಹೊರಟ ಮೇಲೆ, ಕೊನೆಗೆ ಅವರಿಬ್ಬರೂ ಕೈ ಹಿಡಿದು ಹೊರಟರು. ಅಂದು ಬುಧವಾರ.

ಗುರುವಾರ ಆ ಬೀದಿ ಇರಲಿಲ್ಲ.